ಸ್ವಾಮಿಮಲೆಯ ಕೆಮ್ಮಣ್ಣು ಮತ್ತು ವಿಭೂತಿ

ಸೊಂಡೂರಿನಿಂದ ಶ್ರೀ ಕುಮಾರಸ್ವಾಮಿ ಕ್ಷೇತ್ರಕ್ಕೆ ಬರುವಷ್ಟರಲ್ಲಿ ಪಂಚೆ, ಸೀರೆಯ ಅಂಚೆಲ್ಲಾ ಕೆಂಪಾಗಿರುತ್ತದೆ. ಅದನ್ನು ಕೊಡವಿಕೊಳ್ಳುವ ಮುಂಚೆ ಈ ಮಣ್ಣಿನ ಕಥೆ ಸ್ವಲ್ಪ ಕೇಳಿ.

ನಮ್ಮ ಕಡೆ ಹಿರೀಕರು ಹೇಳುವುದು ಹೀಗೆ. ದೇವಸೇನಾನಿಯಾದ ಕುಮಾರಸ್ವಾಮಿ ತಾರಕಾಸುರನನ್ನು ಕೊಂದಾಗ ಹರಿದ ನೆತ್ತರಿಗೆ ಗುಡ್ಡವೆಲ್ಲಾ ಕೆಂಪಾಯಿತು. ಆಮೇಲೆ ತಾಯಿ ಪಾರ್ವತಿಗೂ ಮಗನಿಗೂ ಮಾತಿಗೆ ಮಾತು ಬೆಳೆಯಿತು. “ನೀನು ಕುಡಿದ ನನ್ನ ಹಾಲು ವಾಪಸು ಕೊಡು” ಅಂದಳಂತೆ ತಾಯಿ. ಸ್ವಾಮಿ ಅದನ್ನೂ ಕಕ್ಕಿಬಿಟ್ಟ. ಹಾಲು ಬಿದ್ದ ಜಾಗದ ಬಿಳಿ ಮಣ್ಣೇ ಇಲ್ಲಿನ ವಿಭೂತಿ ಎಂಬ ಪ್ರತೀತಿ. ಸ್ವಾಮಿಯ ಸನ್ನಿಧಿಗೆ ಹೆಂಗಸರು ಹೋಗಬಾರದೆಂದು ಬಹುಕಾಲದಿಂದ ನಡೆದುಬಂದ ಕಟ್ಟಿಗೂ ಇದೇ ಮುನಿಸಿನ ಕಾರಣ ಕೊಡುತ್ತಾರೆ. ಆದರೆ ಅದೇ ಆವರಣದಲ್ಲಿ ತಾಯಿಗೂ ಗುಡಿ ಇದೆ, ನೋಡಿ! ಬಾದಾಮಿ ಚಾಲುಕ್ಯರ ಶೈಲಿಯ ಆ ಪಾರ್ವತಿ ಗುಡಿಯೇ ಇಲ್ಲಿ ಹಳೆಯದು. ಮುನಿಸಿಕೊಂಡರೂ ಮಗ ತಾಯಿಯನ್ನು ಬಿಟ್ಟು ದೂರ ಹೋಗಲಿಲ್ಲ.

ಈ ಗುಡ್ಡಕ್ಕೆ ಲೋಹಾಚಲ ಎಂಬ ಹೆಸರೂ ಉಂಟು. ಹೆಸರಿಟ್ಟವರು ಸುಮ್ಮನೆ ಇಟ್ಟಿಲ್ಲ. ಇಲ್ಲಿನ ಶಿಲೆ ಸುಮಾರು 270 ಕೋಟಿ ವರ್ಷದ್ದು. ಕೆಂಪು ಬಣ್ಣ ಹೆಮಟೈಟ್ ಎಂಬ ಕಬ್ಬಿಣದ ಅದಿರಿನದು. ಪುರಾಣದವರು ನೆತ್ತರು ಅಂದರು, ಭೂವಿಜ್ಞಾನಿಗಳು ಅದಿರು ಅಂದರು. ನಮ್ಮ ನೆತ್ತರು ಕೆಂಪಾಗಿರುವುದೂ ಕಬ್ಬಿಣದಿಂದಲೇ ಅಲ್ಲವೇ?

ಸೊಂಡೂರು ಘೋರ್ಪಡೆ ಮನೆತನದ ಚಿಕ್ಕ ಸಂಸ್ಥಾನವಾಗಿತ್ತು. 1932ರಲ್ಲೇ ಇಲ್ಲಿ ಹರಿಜನರಿಗೆ ದೇವಸ್ಥಾನಗಳ ಬಾಗಿಲು ತೆರೆಯಿತು. ತಿರುವಾಂಕೂರಿನಲ್ಲಿ ಇದು ಆದದ್ದು 1936ರಲ್ಲಿ. ಇಷ್ಟು ದೊಡ್ಡ ಸಂಗತಿ ನಮ್ಮ ತಾಲ್ಲೂಕಿನವರಿಗೇ ಎಷ್ಟೋ ಮಂದಿಗೆ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಸೊಂಡೂರು ನೋಡಬೇಕೆಂದು ಗಾಂಧೀಜಿ ಹೇಳಿದ್ದರೆಂಬ ಮಾತು ಮಾತ್ರ ಎಲ್ಲರ ಬಾಯಲ್ಲೂ ಇದೆ. ಮಳೆ ನಿಂತಮೇಲಿನ ಆ ಹಸಿರು ನೋಡಿದವರಿಗೆ ಅದು ಅತಿಶಯ ಅನ್ನಿಸುವುದಿಲ್ಲ.

ಸಂಸ್ಥಾನದ ಕಾಲದಲ್ಲೇ ಮ್ಯಾಂಗನೀಸ್ ಗಣಿ ಶುರುವಾಯಿತು. 1977ರಲ್ಲಿ ದೋಣಿಮಲೆಯಲ್ಲಿ ಸರ್ಕಾರಿ ಸ್ವಾಮ್ಯದ ಎನ್‌ಎಂಡಿಸಿ ಕಬ್ಬಿಣದ ಗಣಿ ಬಂತು. 2003ರ ನಂತರ ಚೀನಾದ ಬೇಡಿಕೆಗೆ ಅದಿರಿನ ಬೆಲೆ ಏರಿದ್ದೇ ತಡ, ರಸ್ತೆ ತುಂಬಾ ಲಾರಿ. ಹೊಲದ ಬೆಳೆ, ಮನೆ ಮಾಳಿಗೆ, ಕುಡಿಯೋ ನೀರು, ಎಲ್ಲದರ ಮೇಲೂ ಕೆಂಪು ಧೂಳು ಕೂತಿತು. ಹೊಲ ಬಿಟ್ಟು ಲಾರಿ ಕೊಂಡವರೂ ಇದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಧೂಳು ಇಳಿಯಿತು, ಹಾಗೇ ಕೂಲಿಯೂ ನಿಂತಿತು. ಲಾರಿಯ ಸಾಲದ ಕಂತು ಮಾತ್ರ ನಿಲ್ಲಲಿಲ್ಲ. 2013ರಿಂದ ಷರತ್ತಿನ ಮೇಲೆ ಗಣಿಗಳು ಮತ್ತೆ ತೆರೆದವು. ಆದ್ದರಿಂದ ಗಣಿ ಬೇಕೋ ಬೇಡವೋ ಅಂತ ಇಲ್ಲಿಯವರನ್ನು ಕೇಳಿದರೆ ಒಂದೇ ಮನೆಯಲ್ಲಿ ಎರಡು ಉತ್ತರ ಸಿಗುತ್ತದೆ.

ಗುಡಿಯ ಕಲ್ಲಿನದು ಬೇರೆ ಕಷ್ಟ. ಸಿಡಿಮದ್ದಿನ ಅದುರಿಗೆ ಹಳೆಯ ಕಟ್ಟಡ ಬಿರುಕು ಬಿಟ್ಟೀತೆಂಬ ಭಯದಿಂದಲೇ ಸುತ್ತಲಿನ ಗುಡ್ಡ ಉಳಿಸಿರೆಂದು ಇಲ್ಲಿಯ ಜನ ಕೇಳುತ್ತಾ ಬಂದಿದ್ದಾರೆ. ಅಗೆದ ಅದಿರು ಮತ್ತೆ ಹುಟ್ಟುವುದಿಲ್ಲ, ಒಡೆದ ಕಂಬವೂ ಅಷ್ಟೇ.

ದರ್ಶನವಾದ ಮೇಲೆ ಪಾರ್ವತಿ ಗುಡಿಗೂ ಒಂದು ಸುತ್ತು ಬನ್ನಿ. ಕೆತ್ತನೆಯ ಮೇಲೆ ಕುಂಕುಮ, ಎಣ್ಣೆ ಹಚ್ಚಬೇಡಿ. ವಿಭೂತಿ ಚಿಟಿಕೆಯಷ್ಟೇ ಸಾಕು, ಚೀಲ ತುಂಬಿಕೊಳ್ಳಬೇಡಿ.