ಅಪ್ಪ-ಅವ್ವ ಊರಲ್ಲಿಲ್ಲದಾಗ ಮಗುವಿನ ಚಿಕಿತ್ಸೆಗೆ ಒಪ್ಪಿಗೆ: ಮಾಡಬೇಕಾದ್ದು, ಮಾಡಬಾರದ್ದು

ಗುಳೆ ಹೋದವರ ಮಕ್ಕಳನ್ನು ಸಾಕುತ್ತಿರುವ ಅಜ್ಜ-ಅಜ್ಜಿಯರು, ಚಿಕ್ಕಪ್ಪ, ಸೋದರಮಾವ, ಹಾಸ್ಟೆಲ್ ವಾರ್ಡನ್‌ಗಳ ಗಮನಕ್ಕೆ.

18 ತುಂಬದ ಮಗುವಿಗೆ ಆಪರೇಷನ್ ಮಾಡುವ ಮುನ್ನ ವೈದ್ಯರು ತಂದೆ, ತಾಯಿ ಅಥವಾ ಪೋಷಕರ ಲಿಖಿತ ಒಪ್ಪಿಗೆ ಕೇಳುತ್ತಾರೆ, ಕೇಳಲೇಬೇಕು. ಹಾಗೆಂದು ಸಾಕುವವರ ಮಾತಿಗೆ ಬೆಲೆಯೇ ಇಲ್ಲವೆಂದು ಯಾರೂ ಹಿಂಜರಿಯಬಾರದು. ಭಾರತೀಯ ನ್ಯಾಯ ಸಂಹಿತೆಯ 27ನೇ ಕಲಂ, 12 ವರ್ಷದೊಳಗಿನ ಮಗುವಿನ ವಿಷಯದಲ್ಲಿ, ಪೋಷಕರ ಜೊತೆಗೆ ಮಗುವಿನ ಹೊಣೆಯನ್ನು ನ್ಯಾಯಸಮ್ಮತವಾಗಿ ಹೊತ್ತವರ ಒಪ್ಪಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ.

ಮಾಡಬೇಕಾದ್ದು

ಅಪ್ಪ-ಅವ್ವ ಬಸ್ ಹತ್ತುವ ಮೊದಲೇ ಒಂದು ಪತ್ರ ಬರೆಸಿಕೊಳ್ಳಿ. ಮಗುವಿನ ಹೆಸರು, ಹುಟ್ಟಿದ ದಿನ, ನಿಮ್ಮ ಹೆಸರು ಮತ್ತು ಸಂಬಂಧ, “ನಾವು ಸಿಗದಿದ್ದಾಗ ಚಿಕಿತ್ಸೆಗೆ ಇವರು ಒಪ್ಪಿಗೆ ಕೊಡಬಹುದು” ಎಂಬ ಮಾತು, ಇಬ್ಬರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳು. ಕೆಳಗೆ ಅವರ ಫೋನ್ ನಂಬರ್, ಜೊತೆಗೆ ಕೆಲಸದ ಮೇಸ್ತ್ರಿಯ ನಂಬರ್. ಮಗುವಿಗೆ ಯಾವ ಔಷಧಿ ಆಗಿಬರುವುದಿಲ್ಲ, ಹಿಂದೆ ಏನು ಕಾಯಿಲೆ ಇತ್ತು ಎಂಬುದನ್ನೂ ಬರೆಸಿ. ಇದು ಕೋರ್ಟ್ ಆದೇಶವಲ್ಲ. ಆದರೂ ನಡುರಾತ್ರಿ ಹೊಟ್ಟೆನೋವಿನಿಂದ ಒದ್ದಾಡುವ ಮಗುವನ್ನು ಹೊತ್ತು ಬಂದ ಅಜ್ಜಿಗೆ “ನೀವ್ಯಾರು?” ಎಂದು ಕೇಳಿದಾಗ ತೋರಿಸಲು ಕೈಯಲ್ಲೊಂದು ಕಾಗದ ಇರುತ್ತದೆ. ಪತ್ರವನ್ನು ತಾಯಿ ಕಾರ್ಡ್ ಜೊತೆಗೇ ಇಡಿ.

ಫೋನ್ ಸಿಕ್ಕರೆ ವೈದ್ಯರೇ ತಂದೆ-ತಾಯಿಯೊಡನೆ ಮಾತಾಡಲಿ. ಆ ಮಾತು, ಹೊತ್ತು ಕೇಸ್ ಶೀಟಿನಲ್ಲಿ ದಾಖಲಾಗಲಿ.

“ತಂದೆಯ ಸಹಿಯೇ ಬೇಕು” ಎಂದರೆ ಸುಮ್ಮನಿರಬೇಡಿ. ತಂದೆ ದೂರವಿದ್ದರೆ ಅಥವಾ ಹೊಣೆ ಹೊರದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಅವ್ವನ ಸಹಿ ಅರ್ಧ ಸಹಿಯಲ್ಲ.

ಜೀವಕ್ಕೆ ಅಪಾಯವಿದ್ದರೆ ಸಹಿಗಾಗಿ ಒಂದು ಕ್ಷಣವೂ ಕಾಯಬೇಕಿಲ್ಲ. ಅಪಘಾತವಾದ ಮಗುವಿಗೆ ತಕ್ಷಣ ಆಪರೇಷನ್ ಆಗದಿದ್ದರೆ ಜೀವ ಹೋಗುತ್ತದೆ, ಪೋಷಕರನ್ನು ಕೇಳಲು ಹೊತ್ತಿಲ್ಲ, ಆಗ ಸದ್ಭಾವನೆಯಿಂದ ಆಪರೇಷನ್ ಮಾಡಿದ ವೈದ್ಯರು ಅಪರಾಧಿಯಲ್ಲ: ನ್ಯಾಯ ಸಂಹಿತೆಯ 30ನೇ ಕಲಂ ಇದನ್ನೇ ಉದಾಹರಣೆಯಾಗಿ ಕೊಟ್ಟಿದೆ. ಇದನ್ನು ಕ್ಯಾಜುವಾಲ್ಟಿಯಲ್ಲಿ ಗಟ್ಟಿಯಾಗಿ ಹೇಳಿ.

ತಂದೆ-ತಾಯಿ ತೀರಿಕೊಂಡಿದ್ದರೆ ಅಥವಾ ಪತ್ತೆಯೇ ಇಲ್ಲದಿದ್ದರೆ ಪತ್ರದ ದಾರಿ ಮುಚ್ಚಿತು. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಕೋರ್ಟ್ ನೇಮಿಸಿದ ಪೋಷಕರಿಗೆ ಮಗುವಿನ ಆರೋಗ್ಯದ ಹೊಣೆಯೂ ಸೇರುತ್ತದೆ. ಹೆಂಗಸರಿಗೂ ಮಕ್ಕಳಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಕೊಡುತ್ತದೆ.

ಮಾಡಬಾರದ್ದು

“ನಾನೇ ಅಪ್ಪ” ಎಂದು ಸುಳ್ಳು ಹೇಳಿ ಸಹಿ ಹಾಕಬೇಡಿ. ಚಿಕ್ಕಪ್ಪನಾದರೆ ಚಿಕ್ಕಪ್ಪ ಎಂದೇ ಬರೆಯಿರಿ. ಮನೆತನದ ಕಾಯಿಲೆಗಳ ಬಗ್ಗೆ ವೈದ್ಯರು ಕೇಳಿದಾಗ ಆ ಸುಳ್ಳು ಮಗುವಿನ ಜೀವಕ್ಕೇ ಮುಳುವಾದೀತು.

ಖಾಲಿ ಫಾರಂಗೆ ಹೆಬ್ಬೆಟ್ಟು ಒತ್ತಬೇಡಿ. ಏನು ಮಾಡುತ್ತಾರೆ, ಅಪಾಯವೇನು, ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಕನ್ನಡದಲ್ಲಿ ಓದಿಸಿ, ಕೇಳಿ.

ಲೈಂಗಿಕ ದೌರ್ಜನ್ಯವಾಗಿದ್ದರೆ ಎಫ್‌ಐಆರ್ ಆಗಲಿ ಎಂದು ಚಿಕಿತ್ಸೆ ತಡಮಾಡಬೇಡಿ. ಪರೀಕ್ಷೆಯ ವೇಳೆ ಮಗುವನ್ನು ಒಂಟಿಯಾಗಿ ಬಿಡಬೇಡಿ. ತಂದೆ-ತಾಯಿ ಅಥವಾ ಮಗು ನಂಬಿದ ಬೇರೊಬ್ಬರು ಜೊತೆಗಿರಬೇಕೆಂದು ಪೋಕ್ಸೋ ಕಾಯ್ದೆಯೇ ಹೇಳುತ್ತದೆ.

ಮನೆಯ ಜಗಳ, ಆಸ್ತಿ ವ್ಯಾಜ್ಯದ ಸಿಟ್ಟಿಗೆ ಮಗುವಿನ ಔಷಧಿ ತಡೆಯಬೇಡಿ. ಬೇರೆ ಯಾರಾದರೂ ತಡೆಯುತ್ತಿದ್ದರೆ 1098ಕ್ಕೆ ಕರೆ ಮಾಡಿ. ಹಗಲಾಗಲಿ ರಾತ್ರಿಯಾಗಲಿ, ಕರೆಗೆ ದುಡ್ಡಿಲ್ಲ.