ಅರ್ಧ ಮೂಟೆ ಅಕ್ಕಿ, ನಾಲ್ಕು ಸೀಟಿನ ವಿಮಾನ

ಗಣಿ ಅಬ್ಬರದ ದಿನಗಳಲ್ಲಿ ನಾನು ಬಳ್ಳಾರಿಯ ಒಂದು ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ತಲೆಯ ಮೇಲೆ ಹೆಲಿಕಾಪ್ಟರ್ ಸದ್ದಾದರೆ ಡ್ರೈವರುಗಳು ಬೀಡಿ ಕೈಯಲ್ಲೇ ಹಿಡಿದು ಮೇಲೆ ನೋಡುತ್ತಿದ್ದರು: ‘ಧಣಿ ಹೊಂಟ್ರು.’ 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಲಾರಿಗಳು ನಿಂತವು, ನನ್ನ ಕೆಲಸವೂ ಹೋಯಿತು, ಬೆಂಗಳೂರು ಸೇರಿದೆ. ಮೇಲೆ ನೋಡುವ ಚಟ ಮಾತ್ರ ಹೋಗಲಿಲ್ಲ.

ಹಾಗಾಗಿ ಮೂವರು ಗೆಳೆಯರು ‘ನಾಲ್ಕೂ ಜನ ಸೇರಿ ಒಂದು ಹಳೆಯ ಸೆಸ್ನಾ 172 ಕೊಳ್ಳೋಣ, ಶನಿವಾರ ಊರಿಗೆ ಹಾರೋಣ’ ಎಂದಾಗ ನಾನು ನಗಲಿಲ್ಲ. ನೋಟ್‌ಬುಕ್ ತೆಗೆದೆ.

ಮೊದಲು ಹಾರಲು ಕಲಿಯಬೇಕು. ಖಾಸಗಿ ಪೈಲಟ್ ಲೈಸೆನ್ಸಿಗೆ ಕನಿಷ್ಠ 40 ತಾಸು ಹಾರಾಟ ಬೇಕು. ನನಗೆ ಹೇಳಿದ ದರ ತಾಸಿಗೆ 15,000 ರೂಪಾಯಿ ಆಸುಪಾಸು, ಅಂದರೆ ತಲೆಗೆ ಆರು ಲಕ್ಷ. ಕಲಿಕೆ 40 ತಾಸಿಗೇ ಮುಗಿಯುತ್ತದೆಂದು ನಂಬುವವರು ನಮ್ಮ ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಹೊಸ ವಿಮಾನದ ಮಾತು ಎತ್ತುವಂತೆಯೇ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಶೇ 40 ಜಿಎಸ್‌ಟಿ.

ಆಮೇಲೆ ದಾರಿಯ ಲೆಕ್ಕ. ಬೆಂಗಳೂರಿನ ಜಕ್ಕೂರು ಏರೋಡ್ರೋಮಿನಿಂದ ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ ನೆಟ್ಟಗೆ ಸುಮಾರು 255 ಕಿಲೋಮೀಟರ್. ತಾಸಿಗೆ 200ರಂತೆ ಹಾರಿದರೆ ಒಂದು ತಾಸು ಇಪ್ಪತ್ತು ನಿಮಿಷ. ಇದನ್ನು ಬರೆದಾಗ ನಾನೇ ಕುರ್ಚಿಯಿಂದ ಎದ್ದುಬಿಟ್ಟೆ. ಆಮೇಲೆ ಕೂತು ಉಳಿದದ್ದನ್ನೂ ಬರೆದೆ. ಮನೆಯಿಂದ ಜಕ್ಕೂರಿಗೆ ಟ್ರಾಫಿಕ್ಕಿನಲ್ಲಿ ಒಂದು ತಾಸು. ವಿಮಾನ ಪರೀಕ್ಷೆ, ಇಂಧನ, ವಾಯುಪಡೆಯ ಅನುಮತಿ ಸಂಖ್ಯೆ, ಇದಕ್ಕೆಲ್ಲ ಮತ್ತೊಂದು. ಇಳಿದ ಮೇಲೆ ಬಳ್ಳಾರಿ ದಾಟಿ ನಮ್ಮೂರು ಮೋಕ ಮುಟ್ಟಲು ಒಂದೂವರೆ. ಕೂಡಿಸಿದರೆ ಐದು ತಾಸಿಗೆ ಹತ್ತು ನಿಮಿಷ ಕಮ್ಮಿ. ಕಾರಿನಲ್ಲಿ ಆರೂವರೆ.

ನಮ್ಮ ಕಡೆಯ ಚಾಗನೂರು–ಸಿರಿವಾರದಲ್ಲಿ ವಿಮಾನ ನಿಲ್ದಾಣಕ್ಕೆಂದು ಸುಮಾರು 900 ಎಕರೆ ಗುರುತಿಸಿದರು, ನೀರಾವರಿ ಭೂಮಿ ಬಿಡಲಾರೆವೆಂದು ರೈತರು ವರ್ಷಗಟ್ಟಲೆ ಹೋರಾಡಿದರು. ಅದು ಆಗಿದ್ದರೆ ನನ್ನ ಒಂದು ತಾಸು ಉಳಿಯುತ್ತಿತ್ತು. ಆ ಒಂದು ತಾಸಿಗಾಗಿ ಅವರ ಹೊಲ ಕೇಳುವ ಮುಖ ನನಗಿಲ್ಲ.

ಇನ್ನು ಅಸಲು ಖರ್ಚು. ಹ್ಯಾಂಗರ್ ಬಾಡಿಗೆ, ವಿಮೆ, ಎಂಜಿನಿಯರ್, ವರ್ಷದ ತಪಾಸಣೆ ಸೇರಿ 12 ಲಕ್ಷ ಎಂದು ಹಿಡಿದೆವು. ವಿಮಾನ ಹಾರಲಿ, ಹ್ಯಾಂಗರಿನಲ್ಲಿ ದೂಳು ತಿನ್ನಲಿ, ಇದು ತಪ್ಪದು. ವರ್ಷಕ್ಕೆ 200 ತಾಸು ಹಾರಿಸಿದರೆ ತಾಸಿಗೆ 6,000. ನಾವು ಹಾರಿಸುವುದು 40 ತಾಸು, ತಾಸಿಗೆ 30,000. ತಾಸಿಗೆ 35 ಲೀಟರಿನಷ್ಟು ಕುಡಿಯುವ ಇಂಧನ ಬೇರೆ, ಕೊಂಡ ದುಡ್ಡಿನ ಬಡ್ಡಿ ಬೇರೆ.

ಊರಿಗೆ ಹೋದಾಗ ದೊಡ್ಡಪ್ಪನ ಮುಂದೆ ಈ ಲೆಕ್ಕ ಬಿಚ್ಚಿದೆ. ಅಂಗಳದಲ್ಲಿ ಮೆಣಸಿನಕಾಯಿ ಹರವುತ್ತಿದ್ದವರು ತಲೆ ಎತ್ತಲೇ ಇಲ್ಲ. ‘ವರ್ಷದಾಗ ಎಷ್ಟು ತಾಸು ಓಡಸ್ತೀಯಪ್ಪ?’

‘ನಲವತ್ತು, ದೊಡ್ಡಪ್ಪ.’

‘ನಾಲ್ಕೆಕರೆ ಭತ್ತಕ್ಕ ಯಾರಾರ ಕೊಯ್ಯೋ ಮಿಷಿನ್ ತಗಂತಾರೇನು? ತಾಸಿನ ಬಾಡಿಗಿ ಕೊಟ್ಟು ಕೊಯ್ಸಿ ಕಳಸ್ತಾರ.’

ನಾಲ್ಕು ಪುಟದ ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಬಾಡಿಗೆಗೇ ಹಾರೋಣವೆಂದು ವಿಚಾರಿಸಿದರೆ ಅದಕ್ಕೊಂದು ಬೇರೆ ಗಂಟು: ನಮ್ಮನ್ನು ಇಳಿಸಿ ವಿಮಾನ ಖಾಲಿ ಹಿಂತಿರುಗಿದರೆ ಆ ದುಡ್ಡೂ ನಮ್ಮದೇ, ಎರಡು ದಿನ ಕಾದರೆ ಕಾದ ದುಡ್ಡೂ ನಮ್ಮದೇ.

ದುಡ್ಡಿನಾಚೆಗೂ ಒಂದು ಮಾತಿದೆ. ನಮ್ಮಂಥ ಹೊಸ ಲೈಸೆನ್ಸಿನವರು ಹೊತ್ತು ಮುಳುಗುವುದರೊಳಗೆ ಇಳಿಯಲೇಬೇಕು. ಭಾನುವಾರ ನಾಲ್ಕಕ್ಕೆ ತೋರಣಗಲ್ಲಿನಿಂದ ಮೇಲೇಳಬೇಕೆಂದರೆ ಮೋಕ ಬಿಡುವುದು ಮಧ್ಯಾಹ್ನ ಒಂದೂವರೆಗೆ. ಅವ್ವ ಹೋಳಿಗೆ ಬಡಿಸುವ ಹೊತ್ತಿಗೆ ಮಗ ಮೋಡ ನೋಡುತ್ತಾ ಕೂತಿರುತ್ತಾನೆ. ಮಳೆಗಾಲದಲ್ಲಿ ಅದೂ ಇಲ್ಲ. ಸೋಮವಾರದ ಆಫೀಸು ಕಾಯುತ್ತಿದೆಯೆಂದು ಕೆಟ್ಟ ಹವೆಯಲ್ಲಿ ಹೊರಡುವುದಕ್ಕಿಂತ ದುಬಾರಿ ಚೌಕಾಸಿ ಬೇರೊಂದಿಲ್ಲ.

ಹಾರುವುದೇ ಖುಷಿ ಅನ್ನುವವರೊಂದಿಗೆ ನನ್ನ ತಕರಾರಿಲ್ಲ. ಆರು ಲಕ್ಷದ ಬೈಕು ಕೊಂಡು ನಂದಿಬೆಟ್ಟಕ್ಕೆ ಹೋಗಿ ಟೀ ಕುಡಿದು ಬರುವವರಿದ್ದಾರೆ, ಅವರು ಟೀಯ ರೇಟು ಹಾಕುವುದಿಲ್ಲ. ಶೋಕಿಯ ಖಾತೆಗೆ ಬರೆದುಕೊಳ್ಳಲಿ. ಪ್ರಯಾಣದ ಖಾತೆಗೆ ಬರೆದರೆ ಮಾತ್ರ ಲೆಕ್ಕ ಬರೆಯುವವನಾಗಿ ನಾನು ಸಹಿ ಹಾಕಲಾರೆ. ನಮ್ಮ ನಾಲ್ವರಲ್ಲಿ ಒಬ್ಬ ಈಗ ಕಲಿಯಲು ಸೇರಿದ್ದಾನೆ, ಶೋಕಿಗೆಂದೇ ಹೇಳಿಕೊಂಡು.

ನಾನು ಹಂಪಿ ಎಕ್ಸ್‌ಪ್ರೆಸ್ಸಿಗೆ ಮರಳಿದೆ. ಬೆಂಗಳೂರಲ್ಲಿ ಶುಕ್ರವಾರ ರಾತ್ರಿ ಹತ್ತಿ ಮಲಗಿದರೆ ಬೆಳಗಿನ ಜಾವಕ್ಕೆ ಬಳ್ಳಾರಿ. ಗಡಿಯಾರದಲ್ಲಿ ಇದೇ ನಿಧಾನ, ಆದರೆ ರೈಲಿನಲ್ಲಿ ಎಚ್ಚರದ ಹೊತ್ತು ಒಂದು ತಾಸೂ ಹೋಗುವುದಿಲ್ಲ.

ಸೆಸ್ನಾದ ಟ್ಯಾಂಕು ತುಂಬಿಸಿದರೆ ಜನ, ಸಾಮಾನು ಸೇರಿ ಹೊರುವುದು 250 ಕಿಲೋ ಆಸುಪಾಸು. ನಾವು ನಾಲ್ವರೇ 300 ದಾಟುತ್ತೇವೆ. ಹೋದ ಭಾನುವಾರ ಅವ್ವ ಎಂದಿನಂತೆ ಅರ್ಧ ಮೂಟೆ ಸೋನಾ ಮಸೂರಿ ಹೊಲಿಸಿಟ್ಟಿದ್ದಳು, 25 ಕಿಲೋ. ಬರ್ತಿನ ಕೆಳಗೆ ತಳ್ಳಿದೆ. ಎದುರಿನ ಸೀಟಿನವರು ಕಾಲು ಮಡಚಿ ಜಾಗ ಕೊಟ್ಟು, ‘ಸಿರುಗುಪ್ಪದ್ದಾ?’ ಎಂದರು.

‘ಇಲ್ರೀ, ಮೋಕದ್ದು.’