ಜೋಳದ ಹೊಲದ ಬಿಳಿಕಸವೂ ಅದನ್ನು ಕೀಳಿಸುವ ಖರ್ಚಿನ ಲೆಕ್ಕವೂ

ಕಳೆ ತೆಗೆಸುವ ಖರ್ಚನ್ನು ರೈತರು ಸಾಮಾನ್ಯವಾಗಿ ಅದೇ ವರ್ಷದ ಫಸಲಿನೊಡನೆ ತಾಳೆ ನೋಡುವರು. ಬೇರೆ ಕಳೆಗಳ ವಿಷಯದಲ್ಲಿ ಈ ಲೆಕ್ಕವು ಬಹುಮಟ್ಟಿಗೆ ಸರಿಯಾದೀತು. ಆದರೆ ಜೋಳ, ಸಜ್ಜೆ, ಕಬ್ಬು ಮೊದಲಾದ ಪೈರುಗಳನ್ನು ಹಿಡಿಯುವ ಬಿಳಿಕಸದ ವಿಷಯದಲ್ಲಿ ಇದೇ ಲೆಕ್ಕವು ನಷ್ಟಕ್ಕೆ ದಾರಿಯಾಗುವುದು.

ಬಿಳಿಕಸವು ಗೇಣುದ್ದ ಬೆಳೆದು ಸಣ್ಣ ಬಿಳಿಯ ಹೂ ಬಿಡುವ ಗಿಡ. ಶಾಸ್ತ್ರಜ್ಞರು ಇದನ್ನು ಸ್ಟ್ರೈಗ ಎನ್ನುವರು. ಇದರ ಬೀಜವು ಧೂಳಿನಷ್ಟು ಸಣ್ಣದು. ಒಂದೊಂದು ಗಿಡವೂ ಸಾವಿರಾರು ಬೀಜಗಳನ್ನು ಉದುರಿಸುವುದು. ಈ ಬೀಜವು ಮಣ್ಣಿನಲ್ಲಿ 10 ವರ್ಷಗಳಿಗೂ ಮೇಲ್ಪಟ್ಟು ಜೀವ ಹಿಡಿದಿರಬಲ್ಲುದು. ಪೈರಿನ ಬೇರಿನಿಂದ ಒಸರುವ ರಸವು ಸೋಕಿದಾಗ ಮೊಳೆತು, ಬೇರಿಗೆ ಕಚ್ಚಿಕೊಂಡು, ಕೆಲವು ವಾರಗಳ ಕಾಲ ನೆಲದೊಳಗೇ ಇದ್ದು ಸಾರವನ್ನು ಹೀರುವುದು. ಗಿಡವು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಹಾನಿಯ ಹೆಚ್ಚು ಭಾಗವು ಆಗಿಯೇ ಇರುವುದು.

ಆದಕಾರಣ, ಕಸ ಕೀಳಿಸಿದರೂ ಜೋಳವೇನೂ ಹೆಚ್ಚಲಿಲ್ಲ, ಕೂಲಿ ದಂಡವಾಯಿತೆಂದು ರೈತರು ಹೇಳುವುದು ಸುಳ್ಳಲ್ಲ. ಆದರೆ ಆ ಕೂಲಿಯು ಈ ವರ್ಷದ ಫಸಲಿಗಾಗಿ ಕೊಟ್ಟುದಲ್ಲ, ಮುಂದಿನ ಫಸಲುಗಳಿಗಾಗಿ ಕೊಟ್ಟುದು. ಬೀಜ ಉದುರಲು ಬಿಡುವುದೆಂದರೆ ಸಾಲದ ಬಡ್ಡಿಯನ್ನು ಅಸಲಿಗೆ ಸೇರಿಸುತ್ತ ಹೋದಂತೆಯೇ ಸರಿ.

ಒಂದು ಎಕರೆಗೆ ಮೊದಲನೆಯ ವರ್ಷ 8 ಆಳು, ಎರಡನೆಯ ವರ್ಷ 6, ಮೂರನೆಯ ವರ್ಷ 4, ನಾಲ್ಕನೆಯ ವರ್ಷ 2, ಒಟ್ಟು 20 ಆಳು ಹಿಡಿಯಿತೆಂದು ಭಾವಿಸೋಣ. ಅನಂತರದ 6 ವರ್ಷಗಳಲ್ಲಿ ವರ್ಷಕ್ಕೆ 1 ಚೀಲ ಜೋಳ ಉಳಿದರೆ ಒಟ್ಟು 6 ಚೀಲವಾಯಿತು. ಇವು ತಿಳಿವಳಿಕೆಗಾಗಿ ಹಾಕಿದ ಅಂಕಿಗಳು. ತಮ್ಮ ಊರಿನ ಕೂಲಿ ಮತ್ತು ಧಾರಣೆಯನ್ನಿಟ್ಟು ಪ್ರತಿಯೊಬ್ಬರೂ ತಾವೇ ಗುಣಿಸಿ ನೋಡತಕ್ಕದ್ದು.

ಇಂಥ ತಾಳ್ಮೆಯು ವ್ಯರ್ಥವಾಗುವುದಿಲ್ಲವೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿಯ ಉತ್ತರ ಮತ್ತು ದಕ್ಷಿಣ ಕರೋಲಿನಾ ಸೀಮೆಗಳಲ್ಲಿ 1956ರಲ್ಲಿ ಈ ಕಸವು ಮುಸುಕಿನ ಜೋಳದ ಹೊಲಗಳಲ್ಲಿ ಕಂಡುಬಂದಿತು. ಸರ್ಕಾರವೂ ರೈತರೂ ಕೂಡಿ ಹಲವು ದಶಕಗಳ ಕಾಲ ಬಿಡದೆ ಕೆಲಸ ಮಾಡಿದ್ದರಿಂದ, ನಾಲ್ಕು ಲಕ್ಷ ಎಕರೆಗೂ ಮೀರಿ ಹಬ್ಬಿದ್ದ ಪೀಡೆಯು ಕೆಲವೇ ಸಾವಿರ ಎಕರೆಗಳಿಗೆ ಇಳಿಯಿತು.

ರೈತರು ಅನುಸರಿಸತಕ್ಕ ಕ್ರಮಗಳು:

1. ಗಿಡವನ್ನು ಹೂ ಬಿಡುವುದಕ್ಕೆ ಮುಂಚೆಯೇ ಕೀಳಬೇಕು. ಹೂ ಬಿಟ್ಟಿದ್ದರೆ ಕಿತ್ತು ಸುಡಬೇಕು. ದನಗಳಿಗೆ ಹಾಕಬಾರದು, ತಿಪ್ಪೆಗೆ ಎಸೆಯಬಾರದು.

2. ಜೋಳದ ಮೇಲೆ ಜೋಳವನ್ನೇ ಬಿತ್ತದೆ ನಡುವೆ ಹತ್ತಿ, ಕಡಲೆಕಾಯಿ ಅಥವಾ ಅಲಸಂದೆಯನ್ನು ಬೆಳೆಯಬೇಕು. ಇವುಗಳ ಬೇರಿನ ರಸದಿಂದ ಕಸದ ಬೀಜವು ಮೊಳೆತರೂ ಕಚ್ಚಲು ಆಸರೆಯಿಲ್ಲದೆ ಸಾಯುವುದು.

3. ಸಾರಗುಂದಿದ ಭೂಮಿಯಲ್ಲಿ ಕಸದ ಹಾವಳಿ ಹೆಚ್ಚು; ಆದ್ದರಿಂದ ಚೆನ್ನಾಗಿ ಗೊಬ್ಬರ ಹಾಕಬೇಕು.

4. ಕಸ ಬಿದ್ದ ಹೊಲದ ಜೋಳವನ್ನು ಬಿತ್ತನೆಗೆ ಇಟ್ಟುಕೊಳ್ಳಬಾರದು.

ಒಂದೇ ವರ್ಷಕ್ಕೆ ಹೊಲ ಹಿಡಿದವನು ಮುಂದಿನ ವರ್ಷಗಳ ಲಾಭಕ್ಕಾಗಿ ತನ್ನ ಕೈಯಿಂದ ಕೂಲಿ ಕೊಡುವನೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಭೂಮಿ ಯಾರದೋ ಅವರೇ ಈ ಖರ್ಚನ್ನು ಹೊರಬೇಕು. ಕಸದ ಬೀಜವು ಗಾಳಿ, ನೀರು, ನೇಗಿಲು, ದನಗಳ ಗೊರಸು ಇವುಗಳೊಡನೆ ಸಾಗುವುದರಿಂದ ಒಬ್ಬನ ಹೊಲ ಶುಚಿಯಾಗಿ ನೆರೆಯವನ ಹೊಲ ಕೆಟ್ಟಿದ್ದರೆ ಪ್ರಯೋಜನವಿಲ್ಲ. ಗ್ರಾಮದ ಮುಖಂಡರು ಹೂ ಬಿಡುವ ಮುನ್ನ ಒಂದು ದಿನವನ್ನು ಗೊತ್ತುಮಾಡಿ, ಊರಿನವರೆಲ್ಲರೂ ಅಂದೇ ಕಸ ಕೀಳುವಂತೆ ಏರ್ಪಾಡು ಮಾಡಿದರೆ ಊರಿಗೆ ಊರೇ ಈ ಸಾಲದಿಂದ ಮುಕ್ತವಾಗಬಹುದು.